ದೂರವಾಣಿಯ ತಂತಿಯಲ್ಲಿ ಬಂದ ಅಕ್ಷರ

ಭಾರತದಲ್ಲಿ ಅಂತರಜಾಲವು ಸಾರ್ವಜನಿಕರಿಗೆ ತೆರೆದುಕೊಂಡದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಅದು ಮನೆಗೆ ಬಂದ ದಾರಿ ದೂರವಾಣಿಯ ತಂತಿ. ಮನುಷ್ಯರ ಮಾತಿಗೆಂದು ಎಳೆದ ಆ ತಂತಿಗೆ ಗಣಕದ ಸಂಜ್ಞೆ ತಿಳಿಯದು. ಆದುದರಿಂದ ನಡುವೆ ಮೋಡೆಮ್ ಎಂಬ ದುಭಾಷಿ ಬೇಕಾಯಿತು. ಅದು ಸಂಜ್ಞೆಯನ್ನು ನಾದವಾಗಿಸಿ ಕಳುಹಿಸುವುದು. ಬಂದ ನಾದವನ್ನು ಮರಳಿ ಸಂಜ್ಞೆಯಾಗಿಸುವುದು. ಮೊದಲಿಗೆ ಕೇಳಿಸುತ್ತಿದ್ದ ಕೀರಲು ಧ್ವನಿಯು ಎರಡು ಮೋಡೆಮ್‌ಗಳು ವೇಗವನ್ನು ಗೊತ್ತುಮಾಡಿಕೊಳ್ಳುವ ಸಂಭಾಷಣೆಯೇ.

ಸೆಕೆಂಡಿಗೆ 9,600 ಬಿಟ್ ವೇಗದಲ್ಲಿ ಸುಮಾರು ಸಾವಿರ ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವು. ಪುಟವೊಂದರ ಬರಹಕ್ಕೆ ಎರಡು ಮೂರು ಸೆಕೆಂಡು ಸಾಕು. 50 ಕಿಲೋಬೈಟ್ ಚಿತ್ರಕ್ಕೆ ಮುಕ್ಕಾಲು ನಿಮಿಷ ಬೇಕು.

ವಿದ್ಯಾರ್ಥಿಗಳಿಗೆ ಕಡಿಮೆ ದರದಲ್ಲಿ ದೊರೆತ ‘ಷೆಲ್’ ಖಾತೆಯಲ್ಲಿ ಚಿತ್ರವೇ ಇರಲಿಲ್ಲ. ಅಲ್ಲಿ ಓದಲು ನೆರವಾದದ್ದು ಲಿಂಕ್ಸ್ ಎಂಬ ತಂತ್ರಾಂಶ. ಅಮೆರಿಕದ ಕ್ಯಾನ್ಸಾಸ್ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಹುಟ್ಟಿದ್ದು. ಬಾಣದ ಗುರುತಿನ ಕೀಲಿಗಳನ್ನು ಒತ್ತುತ್ತ ಕೊಂಡಿಯಿಂದ ಕೊಂಡಿಗೆ ಸಾಗಬೇಕು. ಇದು ಕೊರತೆಯೆಂದು ತೋರಬಹುದು. ಆದರೆ ಬರಹವೊಂದೇ ಇದ್ದುದರಿಂದ ಯಂತ್ರವು ಅದನ್ನು ಗಟ್ಟಿಯಾಗಿ ಓದಿ ಹೇಳಬಲ್ಲುದಾಗಿತ್ತು. ದೃಷ್ಟಿಯಿಲ್ಲದವರಿಗೂ ಆ ಬಾಗಿಲು ತೆರೆಯಿತು.

ಇಂದು ದಾರಿ ಅಗಲವಾಗಿದೆ, ಪುಟದ ತುಂಬ ಚಿತ್ರಗಳಿವೆ. ಚಿತ್ರದೊಡನೆ ಅದನ್ನು ವಿವರಿಸುವ ಒಂದು ಸಾಲನ್ನು ಬರೆಯದೆ ಹೋದರೆ, ಅವರಿಗೆ ಆ ಚಿತ್ರವು ಮುಚ್ಚಿದ ಕದವೇ ಸರಿ.