‘ಅತಿ ಅಭಿವ್ಯಕ್ತಿ’: ಸ್ತನ ಕ್ಯಾನ್ಸರ್ ಮತ್ತು ಒಂದು ಪಾರಿಭಾಷಿಕ ಪದ

ಕಾವ್ಯಮೀಮಾಂಸೆಯಲ್ಲಿ ‘ಅಭಿವ್ಯಕ್ತಿ’ಯೆಂದರೆ ಅಂತರಂಗದ ಭಾವವು ಮಾತಿನಲ್ಲಿ ಪ್ರಕಟವಾಗುವುದು, ಜೀವವಿಜ್ಞಾನದಲ್ಲಿ ಜೀನಿನ ಸೂಚನೆಯಂತೆ ಪ್ರೋಟೀನು ರೂಪುಗೊಳ್ಳುವುದು. ಈ ಭೇದವನ್ನು ಅರಿಯದ ಓದುಗನಿಗೆ ಸ್ತನ ಕ್ಯಾನ್ಸರ್ ಕುರಿತ ಬರಹಗಳಲ್ಲಿನ ‘ಅತಿ ಅಭಿವ್ಯಕ್ತಿ’ ಒಗಟಾಗುತ್ತದೆ.

ಸೈಕ್ಲಿನ್ ಡಿ1 ಎಂಬ ಪ್ರೋಟೀನು ಸಿಡಿಕೆ4, ಸಿಡಿಕೆ6 ಕಿಣ್ವಗಳೊಡನೆ ಕೂಡಿ, ಕೋಶವಿಭಜನೆಗೆ ತಡೆಯಾಗಿರುವ ಆರ್‌ಬಿ ಪ್ರೋಟೀನನ್ನು ನಿಷ್ಕ್ರಿಯಗೊಳಿಸುತ್ತದೆ. ಸಾಮಾನ್ಯ ಕೋಶದಲ್ಲಿ ಅದು ಕಾರ್ಯಾನಂತರ ನಾಶವಾಗುತ್ತದೆ. ಸ್ತನ ಕ್ಯಾನ್ಸರಿನ ಸುಮಾರು ಅರ್ಧದಷ್ಟು ಗಡ್ಡೆಗಳಲ್ಲಿ ಮಿತಿಮೀರಿ ಇರುತ್ತದೆ. ಈ ಕಿಣ್ವಗಳನ್ನು ತಡೆಯುವ ಪಾಲ್ಬೊಸಿಕ್ಲಿಬ್ ಔಷಧಕ್ಕೆ ಅಮೆರಿಕದಲ್ಲಿ 2015ರಲ್ಲಿ ಅನುಮೋದನೆ ದೊರೆಯಿತು.

ಜೀನಿನ ಪ್ರತಿಗಳು ಹೆಚ್ಚಿದಾಗ ಪ್ರೋಟೀನು ಹೆಚ್ಚುತ್ತದೆ. ಅದರ ನಾಶ ನಿಧಾನವಾದಾಗಲೂ ಹೆಚ್ಚುತ್ತದೆ. ಆದುದರಿಂದ ‘ಅತಿ ಉತ್ಪಾದನೆ’ಯೆಂಬ ಪರ್ಯಾಯವೂ ಪೂರ್ಣವಲ್ಲ. ಕನ್ನಡದ ವೈದ್ಯಕೀಯ ಬರಹಗಳಿಗೆ ‘ಅತಿ ಪ್ರಮಾಣ’ವೇ ಹೆಚ್ಚು ಉಚಿತವಾದ ಪದ.