ಧನುರ್ಮಾಸದ ಸೈಕಲ್ ಸವಾರರಿಗೆ ತೆಳುವಾದ ತೋಳುಗವಸು

ಚೆನ್ನೈಯಲ್ಲಿ ಚಳಿಯೆಂಬುದು ಉಂಟೆ ಎಂದು ಮಲೆನಾಡಿನಿಂದ ಹೊಸದಾಗಿ ಬಂದವರು ನಗುವುದುಂಟು. ಆ ನಗೆ ತೀರ ಅಕಾರಣವಾದುದೂ ಅಲ್ಲ. ಈ ನಗರದಲ್ಲಿ ದಾಖಲೆಯಾಗಿರುವ ಅತ್ಯಂತ ಕಡಿಮೆ ಉಷ್ಣಮಾನ 13.9 ಡಿಗ್ರಿ ಸೆಲ್ಸಿಯಸ್. ಅದೂ 1895ರ ಡಿಸೆಂಬರಿನಲ್ಲಿ ಮತ್ತು 1905ರ ಜನವರಿಯಲ್ಲಿ ಕಂಡುದು. ಸಾಮಾನ್ಯವಾಗಿ ಡಿಸೆಂಬರ್, ಜನವರಿ ತಿಂಗಳುಗಳ ಮುಂಜಾವದಲ್ಲಿ ಪಾದರಸವು 20-22 ಡಿಗ್ರಿಗಳ ಆಸುಪಾಸಿನಲ್ಲಿ ನಿಲ್ಲುತ್ತದೆ. ಆದರೂ ತಮಿಳರು ಮಾರ್ಗಳಿಯೆಂದು ಕರೆಯುವ ಧನುರ್ಮಾಸದಲ್ಲಿ, ಬೆಳಗಿನ ನಾಲ್ಕು ಗಂಟೆಗೆ ಒಲೆ ಹೊತ್ತಿಸಲೆಂದು ಸೈಕಲ್ ಏರಿ ಹೊರಡುವ ನಮ್ಮ ಅಡಿಗೆಯವರನ್ನೂ, ಮೊದಲ ಲೋಕಲ್ ರೈಲು ಹಿಡಿಯಲು ಮಾಂಬಲದ ಕಡೆಗೋ ತಾಂಬರಂ ಕಡೆಗೋ ಧಾವಿಸುವ ಗುಮಾಸ್ತರನ್ನೂ ಕೇಳಿದರೆ, ಅರೆತೋಳಿನ ಅಂಗಿಯ ಕೆಳಗೆ ರೋಮ ನಿಮಿರುವ ಅನುಭವವನ್ನು ಅವರು ಹೇಳದೆ ಇರಲಾರರು.

ಇದಕ್ಕೆ ಕಾರಣವು ಉಷ್ಣಮಾಪಕದಲ್ಲಿಲ್ಲ, ಗಾಳಿಯಲ್ಲಿದೆ. ನಮ್ಮ ಚರ್ಮದ ಮೇಲ್ಮೈಯ ಉಷ್ಣತೆ ಸುಮಾರು 33 ಡಿಗ್ರಿ. ಸುಮ್ಮನೆ ನಿಂತಿರುವಾಗ ಬೆಚ್ಚಗಿನ ಗಾಳಿಯ ತೆಳುಪದರವೊಂದು ಮೈಯನ್ನು ಹೊದಿಸಿರುತ್ತದೆ. ಗಂಟೆಗೆ 15 ಕಿಲೋಮೀಟರು ವೇಗದಲ್ಲಿ ಸೈಕಲ್ ತುಳಿಯುವವನಿಗೆ, ಎಲೆ ಅಲುಗದ ದಿನದಲ್ಲಿಯೂ ಅಷ್ಟೇ ವೇಗದ ಗಾಳಿ ಎದುರಾಗಿ ಆ ಪದರವನ್ನು ಒಯ್ದುಬಿಡುತ್ತದೆ. ಕಾಲುಗಳು ದುಡಿಯುತ್ತಿರುವುದರಿಂದ ಬೆಚ್ಚಗಿರುತ್ತವೆ, ಎದೆಯನ್ನು ಅಂಗಿ ಕಾಯುತ್ತದೆ. ಹಿಡಿಯ ಮೇಲೆ ಅಲುಗದೆ ಮುಂದಕ್ಕೆ ಚಾಚಿರುವ ಬರಿಯ ತೋಳುಗಳಿಗೆ ಮಾತ್ರ ಯಾವ ರಕ್ಷಣೆಯೂ ಇಲ್ಲ.

ಹಾಗೆಂದು ಸ್ವೆಟರ್ ತೊಡುವುದು ಜಾಣತನವಲ್ಲ. ಹತ್ತು ನಿಮಿಷ ತುಳಿದರೆ ಮೈ ಕಾಯುತ್ತದೆ. ಸ್ವೆಟರಿನೊಳಗೆ ಬೆವರು ಹರಿದು, ಕೆಲಸದ ಸ್ಥಳ ಸೇರುವ ವೇಳೆಗೆ ಅಂಗಿ ತೊಯ್ದಿರುತ್ತದೆ. ಏಳು ಗಂಟೆಯ ಬಿಸಿಲಿಗೆ ಅದೊಂದು ಹೊರೆ. ಇಂತಹ ಅಲ್ಪ ಚಳಿಗೆ ತಕ್ಕುದು ಮಣಿಕಟ್ಟಿನಿಂದ ಮೇಲ್ದೋಳಿನವರೆಗೆ ಏರುವ, ಬೇಡವಾದಾಗ ಕಳಚಿ ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ ತೆಳುವಾದ ತೋಳುಗವಸು. ಅಂಗಡಿಯವರು ಇದನ್ನು ‘ಹ್ಯಾಂಡ್ ಸ್ಲೀವ್ಸ್’ ಎನ್ನುತ್ತಾರೆ. ಆದರೆ ಆ ಹೆಸರಿನಲ್ಲಿ ಮಾರುವ ಎಲ್ಲವೂ ಒಂದೇ ಕೆಲಸದವಲ್ಲ. ಇಲ್ಲಿ ಬಹುಪಾಲು ಮಾರಾಟವಾಗುವುದು ಬಿಸಿಲಿಗೆಂದು ಮಾಡಿದ ಜಾಳಾದ ಗವಸು. ಅದು ಗಾಳಿಯನ್ನು ಒಳಬಿಟ್ಟು ತೋಳನ್ನು ತಂಪುಮಾಡುವುದಕ್ಕೆ ಹುಟ್ಟಿದುದು. ಮುಂಜಾವಕ್ಕೆ ಅದನ್ನು ಕೊಂಡವನು ಚಳಿಯನ್ನೇ ಕೊಂಡಂತಾಯಿತು.

ಪರೀಕ್ಷೆ ಸುಲಭ. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ ನೋಡಬೇಕು. ಉಸಿರು ತಡೆಯಿಲ್ಲದೆ ಆಚೆಗೆ ಹೋದರೆ ಅದು ಬಿಸಿಲಿನ ಗವಸು. ಸ್ವಲ್ಪವೂ ಹೋಗದಿದ್ದರೆ ಅದು ಮಳೆಯಂಗಿಯ ಜಾತಿ. ಬೆವರು ಒಳಗೇ ನಿಲ್ಲುತ್ತದೆ. ಬಿಗಿದು ಊದಿದಾಗ ಅಷ್ಟಿಷ್ಟು ಹೊರಬರುವಂತಹುದೇ ನಮಗೆ ಬೇಕಾದುದು. ಒಳಮೈ ಕೊಂಚ ನವಿರಾಗಿ ಕೆರೆದಂತಿದ್ದರೆ ಲೇಸು. ಆ ನವಿರಿನಲ್ಲಿ ನಿಲ್ಲುವ ಗಾಳಿಯೇ ಬೆಚ್ಚಗೆ ಇಡುವುದು.

ಇನ್ನು ನೂಲಿನ ವಿಚಾರ. ಹತ್ತಿಯು ಮೈಗೆ ಹಿತ, ಆದರೆ ಬೆವರನ್ನಾಗಲಿ ಇಬ್ಬನಿಯನ್ನಾಗಲಿ ಹೀರಿಕೊಂಡು ಬೇಗ ಬಿಡದು. ನೀರು ನಿಶ್ಚಲವಾದ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚಾಗಿ ಶಾಖವನ್ನು ಸಾಗಿಸುವುದರಿಂದ, ಒದ್ದೆ ಹತ್ತಿ ಬರಿಯ ತೋಳಿಗಿಂತ ಕಷ್ಟಕರ. ಉಣ್ಣೆಯ ಗುಣ ಬೇರೆ. ಮಲೆನಾಡಿನ ರೈತನು ಕಂಬಳಿಕೊಪ್ಪೆ ಹೊದ್ದು ಮಳೆಯಲ್ಲಿ ಗದ್ದೆಗಿಳಿಯುತ್ತಿದ್ದುದು ಉಣ್ಣೆಯು ನೆನೆದರೂ ಬಿಸಿಯನ್ನು ಪೂರ್ತಿ ಬಿಟ್ಟುಕೊಡದೆಂಬ ಅನುಭವದಿಂದಲೇ. ನಯವಾದ ಉಣ್ಣೆಯ ಗವಸು ಉತ್ತಮವಾದರೂ ದುಬಾರಿ. ಪಾಲಿಯೆಸ್ಟರ್ ಅಥವಾ ನೈಲಾನಿನೊಡನೆ ಹಿಗ್ಗುವ ನೂಲನ್ನು ಬೆರೆಸಿ ಹೆಣೆದುದು ಅಗ್ಗ, ಹಗುರ, ಬೇಗ ಒಣಗುವಂತಹುದು. ಲೈಕ್ರಾ ಎಂದು ಪ್ರಸಿದ್ಧವಾದ ಆ ಹಿಗ್ಗುವ ನೂಲನ್ನು 1958ರಲ್ಲಿ ಅಮೆರಿಕದ ಡ್ಯುಪಾಂಟ್ ಸಂಸ್ಥೆಯ ಜೋಸೆಫ್ ಶಿವರ್ಸ್ ಎಂಬ ರಸಾಯನಶಾಸ್ತ್ರಜ್ಞರು ಸಿದ್ಧಪಡಿಸಿದರು. ತೋಳು ಮಡಿಸಿದರೂ ಗವಸು ಸುಕ್ಕುಗಟ್ಟದೆ ಅಂಟಿಕೊಂಡಿರುವುದು ಅದರಿಂದಲೇ.

ಅಳತೆಯಲ್ಲಿ ಅವಸರ ಕೂಡದು. ಮೇಲಂಚು ಅಂಗಿಯ ತೋಳಿನೊಳಗೆ ಮೂರು ನಾಲ್ಕು ಬೆರಳಿನಷ್ಟು ಸೇರಬೇಕು. ನಡುವೆ ಬಿಡುವುಳಿದರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ತೊಟ್ಟು ಹತ್ತು ಬಾರಿ ಮೊಳಕೈ ಮಡಿಸಿ ನೋಡಿರಿ. ಜಾರಿದರೆ ಸಡಿಲ, ಬೆರಳುಗಳಲ್ಲಿ ಜೋಮು ಬಂದರೆ ಬಿಗಿ. ದಿನವಿಡೀ ತಟ್ಟೆ ಹೊರುವ ಮಾಣಿಗೂ ಲೆಕ್ಕ ಬರೆಯುವ ಗುಮಾಸ್ತನಿಗೂ ಜೋಮಿನ ಕೈ ಸಲ್ಲದು. ಬಣ್ಣದಲ್ಲಿ ಕಪ್ಪಿಗಿಂತ ತಿಳಿಬಣ್ಣ ಮೇಲು. ತಿರುವಿನಲ್ಲಿ ಕೈ ಚಾಚಿದಾಗ ಹಿಂದಿನ ಲಾರಿಯವನಿಗೆ ಅದು ಕಾಣಬೇಕಷ್ಟೆ. ಬೆಳಕು ಬಿದ್ದಾಗ ಹೊಳೆಯುವ ಪಟ್ಟಿಯಿದ್ದರೆ ಇನ್ನೂ ಒಳ್ಳೆಯದು.

ಹೋಟೆಲಿನ ಬಂಧುಗಳು ಎಲ್ಲಕ್ಕಿಂತ ಮಿಗಿಲಾಗಿ ನೆನಪಿಡಬೇಕಾದ ಸಂಗತಿಯೊಂದುಂಟು. ಪಾಲಿಯೆಸ್ಟರ್ ಸುಮಾರು 250-260 ಡಿಗ್ರಿಗಳಲ್ಲಿ ಕರಗುತ್ತದೆ. ನೈಲಾನಿನ ಕೆಲವು ಬಗೆಗಳು ಅದಕ್ಕೂ ಮೊದಲೇ ಕರಗುತ್ತವೆ. ಅನಿಲದ ಜ್ವಾಲೆ ತಗುಲಿದರೆ ಈ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ, ಗಾಯ ಆಳವಾಗುತ್ತದೆ. ಹೊತ್ತಾಯಿತೆಂಬ ತವಕದಲ್ಲಿ ಗವಸು ತೊಟ್ಟೇ ಒಲೆ ಹೊತ್ತಿಸುವುದು, ಕಾವಲಿಯ ಮುಂದೆ ನಿಲ್ಲುವುದು, ಎಣ್ಣೆಯ ಬಾಣಲೆಯ ಮೇಲೆ ಕೈಯಾಡಿಸುವುದು ಖಂಡಿತ ಸಲ್ಲದು. ಸೈಕಲಿಗೆ ಬೀಗ ಹಾಕುವ ಕೈಯೇ ಗವಸನ್ನೂ ಕಳಚಲಿ. ಒಂದು ವೇಳೆ ಅಪಘಾತವಾದರೆ, ಅಂಟಿದ ಬಟ್ಟೆಯನ್ನು ಕಿತ್ತು ತೆಗೆಯದೆ, ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿಗೆ ಹಿಡಿದು, ಆಸ್ಪತ್ರೆಗೆ ಹೋಗಬೇಕು.

ಮಳೆಯ ಮಾತನ್ನೂ ಮರೆಯುವಂತಿಲ್ಲ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತವು ಈ ತೀರಕ್ಕೆ ಮಳೆ ತರುತ್ತದೆ. ತೊಯ್ದ ಗವಸನ್ನು ಹಿಂಡಿ ಚೀಲದಲ್ಲಿ ಹಾಕಿಕೊಳ್ಳುವುದೇ ಸರಿ. ದಿನವೂ ತಣ್ಣೀರಿನಲ್ಲಿ ಒಗೆದು ಫ್ಯಾನಿನ ಕೆಳಗೆ ಹರವಿದರೆ ಮರುದಿನಕ್ಕೆ ಸಿದ್ಧವಾಗುತ್ತದೆ. ಬಿಸಿನೀರಿಗೂ ಒಲೆಯ ಕಾವಿಗೂ ಹಿಗ್ಗುವ ನೂಲು ಬೇಗ ಸೋಲುತ್ತದೆ.

ಊರಿಗೆ ಹಣ ಕಳುಹಿಸಬೇಕಾದ ತಿಂಗಳಲ್ಲಿ ಇದಕ್ಕೂ ಖರ್ಚು ಮಾಡಬೇಕೆ ಎಂದು ಕೇಳುವವರ ಮಾತೂ ನ್ಯಾಯವಾದುದೇ. ಹಳೆಯ ಸ್ವೆಟರಿನ ತೋಳುಗಳನ್ನು ಕತ್ತರಿಸಿ, ಮೇಲಂಚಿಗೆ ಎಲಾಸ್ಟಿಕ್ ಹೊಲಿಸಿಕೊಂಡರೆ ಈ ಚಳಿಗಾಲ ಕಳೆದೀತು. ಸಂಕ್ರಾಂತಿ ಕಳೆದು ಕೆಲವು ವಾರಗಳಲ್ಲಿ ಮುಂಜಾವವೂ ಬೆಚ್ಚಗಾಗುತ್ತದೆ. ಕೊಂಡುದಾಗಲಿ ಹೊಲಿಸಿದುದಾಗಲಿ, ಅಡಿಗೆಮನೆಯ ಬಾಗಿಲಿನ ಹೊರಗೆ ಅದಕ್ಕೊಂದು ಮೊಳೆ ಇರಲಿ. ದಾರಿಯ ಉಡುಪು ಅಲ್ಲಿಯೇ ನಿಲ್ಲಲಿ.