ಅದೇ ಟ್ರ್ಯಾಕ್, ಅದೇ ಗಾಡಿ, ಗೆಲ್ಲೋರು ಅದೇ ಮೂವರು: ರೇಸ್ ಗೇಮ್ ಪಂದ್ಯ ಯಾಕೆ ಬೇಗ ಸಪ್ಪೆಯಾಗುತ್ತೆ?

ಕೋಣಂದೂರು: ಹೋದ ವರ್ಷ ಗಣಪತಿ ಹಬ್ಬದ ಹೊತ್ತಿಗೆ ಪೇಟೆಯ ಒಂದು ಮೊಬೈಲ್ ಅಂಗಡಿಯಲ್ಲಿ ರೇಸ್ ಗೇಮ್ ಪಂದ್ಯ ಇಟ್ಟಿದ್ದರು. ಮೂರು ದಿನ, ಸಂಜೆ 5ರಿಂದ 8. ನಿಯಮ ಮಾಡಿದವನೂ ನಾನೇ, ಟೈಮ್ ಬರೆದುಕೊಂಡವನೂ ನಾನೇ. ಅಂಗಡಿಯ ಒಂದೇ ಟ್ಯಾಬ್, ಒಂದೇ ಕಾರು, ಒಂದೇ ಟ್ರ್ಯಾಕ್. ಒಬ್ಬೊಬ್ಬರಾಗಿ ಆಡಬೇಕು, ಮೂರು ದಿನದ ಟೈಮ್ ಕೂಡಿಸಿ ಯಾರದು ಕಡಿಮೆಯೋ ಅವರಿಗೆ ಬ್ಲೂಟೂತ್ ಸ್ಪೀಕರ್. ಪ್ರವೇಶ ಉಚಿತ.

ಮೊದಲ ದಿನ 26 ಜನ ಬಂದರು. ಎರಡನೇ ದಿನ 11. ಮೂರನೇ ದಿನ ಐದು ಜನ, ಅದರಲ್ಲಿ ಒಬ್ಬ ಚಾರ್ಜರ್ ತಗೊಳ್ಳೋಕೆ ಬಂದವನು, ಸುಮ್ಮನೆ ಆಡಿ ಹೋದ. ಮೊದಲ ದಿನ ಮುಂದಿದ್ದ ಮೂವರೇ ಕೊನೆಗೂ ಮುಂದಿದ್ದರು. ಅಂಗಡಿಯ ಅಣ್ಣ ಬಾಯಿಬಿಟ್ಟು ಏನೂ ಹೇಳಲಿಲ್ಲ. ಹಾಕಿಸಿದ್ದ ಶಾಮಿಯಾನ ನೋಡಿದರು, ನನ್ನ ಮುಖ ನೋಡಿದರು.

ಮಳೆ ಕಾರಣ ಅಂತ ನಾನು ಹೇಳಿಕೊಂಡು ತಿರುಗಾಡಿದ್ದೆ. ಮಳೆ ಕಾರಣ ಅಲ್ಲ. ನಿಯಮ ಕಾರಣ. ಈ ವರ್ಷ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಇಂಥ ಪಂದ್ಯ ಇಡೋ ಆಲೋಚನೆ ಇರುವ ಅಂಗಡಿಯವರು, ಯುವಕ ಸಂಘದವರು ಇದನ್ನು ಓದಿಕೊಂಡರೆ ನನ್ನ ಹಾಗೆ ಕೈ ಸುಟ್ಟುಕೊಳ್ಳೋದು ತಪ್ಪುತ್ತೆ.

ಒಂದೇ ಕರೆ, ಆರು ಪಂದ್ಯ

ಊರಿನ ಹೆಸರಲ್ಲೇ ಕೋಣ ಇಟ್ಟುಕೊಂಡ ನಮಗೆ ಉತ್ತರ ಘಾಟಿ ಇಳಿದರೆ ಸಿಗುತ್ತೆ. ಆಗುಂಬೆ ಇಳಿದು ಕರಾವಳಿಗೆ ಹೋಗಿ ಕಂಬಳ ನೋಡಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಗದ್ದೆ ಒಂದೇ, ನೀರು ಕೆಸರು ಅದೇ, ಓಡೋದೂ ಅದೇ ದಿಕ್ಕಿಗೆ. ಆದರೂ ರಾತ್ರಿಯಿಡೀ ಜನ ಏಳಲ್ಲ. ಯಾಕೆ?

ಅಲ್ಲಿ ಆರು ವಿಭಾಗ ಇವೆ. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡಹಲಗೆ, ಕನೆಹಲಗೆ. ಹಗ್ಗ ಅಂದರೆ ಕೋಣಗಳಿಗೆ ಬರೀ ಹಗ್ಗ. ನೇಗಿಲಿನಲ್ಲಿ ಹಗುರವಾದ ಮರದ ನೇಗಿಲು ಕಟ್ಟುತ್ತಾರೆ. ಅಡ್ಡಹಲಗೆಯಲ್ಲಿ ಓಡಿಸುವವನು ಹಲಗೆಯ ಮೇಲೆ ನಿಲ್ಲಬೇಕು. ಹಿರಿಯ, ಕಿರಿಯ ಅಂತ ಬೇರೆ ಮಾಡಿರೋದರಿಂದ ಹೊಸದಾಗಿ ತಯಾರಾದ ಕೋಣಗಳು ಪಳಗಿದ ಜೋಡಿಯ ಎದುರು ಮೊದಲ ದಿನವೇ ಸೋತು ಮನೆಗೆ ಹೋಗಬೇಕಾಗಿಲ್ಲ.

ನನಗೆ ಎಲ್ಲಕ್ಕಿಂತ ಚಂದ ಕಂಡಿದ್ದು ಕನೆಹಲಗೆ. ಅಲ್ಲಿ ಎಷ್ಟು ಬೇಗ ಬಂದ ಅನ್ನೋದು ಲೆಕ್ಕವೇ ಅಲ್ಲ. ಹಲಗೆಯಿಂದ ಚಿಮ್ಮುವ ನೀರು ಎಷ್ಟು ಎತ್ತರ ಹೋಯಿತು ಅನ್ನೋದು ಲೆಕ್ಕ. ಮೇಲೆ ಕಟ್ಟಿದ ನಿಶಾನೆಗೆ, ಆರೂವರೆ ಕೋಲು, ಏಳೂವರೆ ಕೋಲು ಎತ್ತರಕ್ಕೆ ನೀರು ಮುಟ್ಟಿತಾ ಅಂತ ನೋಡುತ್ತಾರೆ. ಅದೇ ಕರೆಯಲ್ಲಿ, ಗೆಲುವು ಅಂದರೆ ಏನು ಅನ್ನೋದನ್ನೇ ಬದಲಿಸಿಬಿಟ್ಟರು. ಹೊಸ ಗದ್ದೆ ಬೇಕಾಗಲಿಲ್ಲ.

2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಅವರು 142.5 ಮೀಟರ್ ಅನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲಾ ಉಸೇನ್ ಬೋಲ್ಟ್ ಜೊತೆ ಹೋಲಿಸಿತು. ಟಿವಿಯವರಿಗೆ ಕಂಡಿದ್ದು ಸ್ಪೀಡ್ ಒಂದೇ. ಕಂಬಳ ನೋಡೋರಿಗೆ ಅದು ಆರರಲ್ಲಿ ಒಂದು.

ನಮ್ಮ ಶಾಲೆಯ ಕ್ರೀಡಾಕೂಟವೂ ಹಾಗೇ ಅಲ್ವಾ? 100 ಮೀಟರ್ ಒಂದೇ ಇಟ್ಟಿದ್ದರೆ ಕ್ಲಾಸಿನಲ್ಲಿ ಓಡುವ ಇಬ್ಬರನ್ನು ಬಿಟ್ಟು ಉಳಿದವರೆಲ್ಲಾ ಮರದ ಕೆಳಗೆ ಕೂತಿರುತ್ತಿದ್ದೆವು. ಗೋಣಿಚೀಲ, ನಿಂಬೆಹಣ್ಣು ಚಮಚ, ನಿಧಾನ ಸೈಕಲ್ ಇದ್ದಿದ್ದಕ್ಕೆ ನನ್ನಂಥವನಿಗೂ ಒಂದು ಸ್ಟೀಲ್ ಲೋಟ ಸಿಕ್ಕಿತ್ತು.

ದೊಡ್ಡ ಗೇಮ್‌ನವರು ಏನು ಮಾಡ್ತಾರೆ?

ಪ್ರಪಂಚದ ದೊಡ್ಡ ರೇಸ್ ಗೇಮ್ ಕಂಪನಿಗಳಿಗೂ ಇದೇ ತಲೆನೋವು. ಒಬ್ಬೊಬ್ಬರು ಒಂದೊಂದು ದಾರಿ ಹಿಡಿದಿದ್ದಾರೆ.

ಗ್ರಾನ್ ಟುರಿಸ್ಮೊ 7 ಅಂತ ಒಂದಿದೆ, ಪ್ಲೇಸ್ಟೇಷನ್‌ನಲ್ಲಿ ಆಡೋದು. 2022ರಲ್ಲಿ ಬಂತು. ಅದರಲ್ಲಿ ಆನ್‌ಲೈನ್‌ನಲ್ಲಿ ಮೂರು ಪಂದ್ಯ ಇಟ್ಟಿರುತ್ತಾರೆ, ವಾರ ವಾರ ಟ್ರ್ಯಾಕು ಕಾರು ಎರಡೂ ಬದಲಾಗುತ್ತವೆ. ಟಯರ್ ಎಷ್ಟು ಬೇಗ ಸವೆಯಬೇಕು, ಪೆಟ್ರೋಲ್ ಎಷ್ಟು ಬೇಗ ಖರ್ಚಾಗಬೇಕು ಅನ್ನೋದನ್ನೂ ಅವರೇ ಹೆಚ್ಚು ಕಡಿಮೆ ಮಾಡುತ್ತಾರೆ. ಟಯರ್ ಬೇಗ ಸವೆದರೆ ಮಧ್ಯದಲ್ಲಿ ಗಾಡಿ ನಿಲ್ಲಿಸಿ ಬದಲಿಸಬೇಕು. ಆಗ ಜೋರಾಗಿ ಹೋಗುವವನಿಗಿಂತ ಟಯರ್ ಉಳಿಸಿಕೊಂಡು ಹೋಗುವವನು ಗೆಲ್ಲಬಹುದು. ಇದು ಕನೆಹಲಗೆಯ ಬುದ್ಧಿಯೇ. (ಈ ಆಟ 2026ರ ಐಚಿ-ನಗೋಯಾ ಏಷ್ಯನ್ ಗೇಮ್ಸ್‌ನ ಇ-ಸ್ಪೋರ್ಟ್ಸ್ ಪಟ್ಟಿಯಲ್ಲೂ ಇದೆ. ಮಕ್ಕಳಿಗೆ ಬೈಯುವಾಗ ನೆನಪಿರಲಿ.)

ಟ್ರ್ಯಾಕ್‌ಮೇನಿಯಾ ಅನ್ನುವವರದು ಇನ್ನೂ ಖಡಕ್. ಆಡುವ ಜನರೇ ಕಟ್ಟಿದ ಟ್ರ್ಯಾಕುಗಳಲ್ಲಿ ದಿನಕ್ಕೊಂದನ್ನು ಆರಿಸಿ ಬಿಡುತ್ತಾರೆ. ಬಿಟ್ಟ ತಕ್ಷಣ ಪಂದ್ಯ. ಅಭ್ಯಾಸಕ್ಕೆ ಸಿಗೋದು 15 ನಿಮಿಷ, ಅದರಲ್ಲೇ ಟೈಮ್ ಹಾಕಬೇಕು. ಆ ಟೈಮ್ ಪ್ರಕಾರ 64 ಜನರ ಗುಂಪು ಮಾಡಿ, ಪ್ರತಿ ಸುತ್ತಿಗೂ ಹಿಂದೆ ಬಿದ್ದವರನ್ನು ಹೊರಗೆ ಕಳಿಸುತ್ತಾರೆ. ಯಾರಿಗೂ ಟ್ರ್ಯಾಕ್ ಬಾಯಿಪಾಠ ಆಗಿರಲ್ಲ. ಚೆನ್ನಾಗಿ ಆಡೋರು ಒಂದು ಗುಂಪಿನಲ್ಲಿ, ಹೊಸಬರು ಇನ್ನೊಂದರಲ್ಲಿ ಇರೋದರಿಂದ ಎಲ್ಲರಿಗೂ ತಮ್ಮ ಸಮದವರ ಜೊತೆ ಪೈಪೋಟಿ. ಹಿರಿಯ, ಕಿರಿಯ ಮಾಡಿದ ಹಾಗೆ. ಅದು ಪ್ಯಾರಿಸ್ ಟೈಮಿನ ಸಂಜೆ 7ಕ್ಕೆ ಶುರು, ನಮಗೆ ಬೇಸಿಗೆಯಲ್ಲಿ ರಾತ್ರಿ 10.30, ಚಳಿಗಾಲದಲ್ಲಿ 11.30. ಮನೆಯವರು ಮಲಗಿರುತ್ತಾರೆ, ಕರೆಂಟ್ ಇದ್ದರೆ ಆಡಬಹುದು.

ಐರೇಸಿಂಗ್‌ನಲ್ಲಿ 12 ವಾರಕ್ಕೊಂದು ಸೀಸನ್, ವಾರಕ್ಕೊಂದು ಟ್ರ್ಯಾಕ್. ಸ್ಟೀರಿಂಗ್ ವೀಲ್, ಪೆಡಲ್ ಎಲ್ಲಾ ಬೇಕು, ನಮ್ಮ ಜೇಬಿಗೆ ಆಗೋ ಮಾತಲ್ಲ. ಆದರೆ ಅಲ್ಲಿ ಒಂದು ಒಳ್ಳೆಯದಿದೆ. ಎಷ್ಟು ಸಲ ಗುದ್ದಿದೆ ಅನ್ನೋದಕ್ಕೂ ಅಂಕ ಉಂಟು. ಗುದ್ದುತ್ತಾ ಗೆದ್ದರೆ ಮೇಲಿನ ಲೈಸೆನ್ಸ್ ಸಿಗೋದು ಕಷ್ಟ.

ಇಲ್ಲಿ ಒಂದು ಮಾತು. ದಿನಾ ಹೊಸದು ಕೊಡೋದೇ ಒಳ್ಳೇದು ಅಂತ ನನಗೆ ಅನಿಸಲ್ಲ. ಕಷ್ಟಪಟ್ಟು ಒಂದು ತಿರುವು ಕಲಿತವನಿಗೆ ನಾಳೆ ಅದು ಉಪಯೋಗಕ್ಕೆ ಬರಲ್ಲ ಅಂದರೆ ಅವನು ಕಲಿಯೋದೇ ಬಿಡುತ್ತಾನೆ. ವಾರದ ಲೆಕ್ಕ ಸರಿ. ಮೂರು ದಿನದ ಪಂದ್ಯಕ್ಕಾದರೆ ಒಂದು ದಿನ ಎಲ್ಲರಿಗೂ ಗೊತ್ತಿರುವ ಟ್ರ್ಯಾಕ್, ಒಂದು ದಿನ ಯಾರಿಗೂ ಗೊತ್ತಿಲ್ಲದ್ದು ಇದ್ದರೆ ಸಾಕು.

ವೋಟ್ ಹಾಕಿದರೆ ಆಗಲ್ವಾ?

ಆಗಲ್ಲ. ಇದನ್ನೂ ಮಾಡಿ ನೋಡಿದ್ದೇವೆ. ಹಬ್ಬ ಮುಗಿದ ಮೇಲೆ ನಮ್ಮ ಹುಡುಗರು ವಾಟ್ಸಾಪ್ ಗ್ರೂಪ್ ಮಾಡಿ ರಾತ್ರಿ ಆನ್‌ಲೈನ್‌ನಲ್ಲಿ ಆಸ್ಫಾಲ್ಟ್ ಆಡೋಕೆ ಶುರು ಮಾಡಿದರು. ರಿಪ್ಪನ್‌ಪೇಟೆ, ಹೊಸನಗರದವರೂ ಸೇರಿದರು. ಯಾವ ಟ್ರ್ಯಾಕ್ ಅಂತ ದಿನಾ ಗ್ರೂಪಿನಲ್ಲಿ ವೋಟ್. ಹತ್ತು ದಿನದಲ್ಲಿ ಎಂಟು ದಿನ ಅದೇ ಟ್ರ್ಯಾಕ್ ಗೆದ್ದಿತು. ಗೊತ್ತಿರೋದಕ್ಕೇ ಜನ ಕೈ ಎತ್ತೋದು. ಬೇಜಾರಾದವರು ಜಗಳ ಮಾಡಲ್ಲ, ಸದ್ದಿಲ್ಲದೆ ಗ್ರೂಪ್ ಬಿಡುತ್ತಾರೆ.

ಮಾರಿಯೋ ಕಾರ್ಟ್ 8 ಡಿಲಕ್ಸ್‌ನಲ್ಲಿ ಇದಕ್ಕೆ ಒಂದು ಉಪಾಯ ಇದೆ. ಒಟ್ಟು 96 ಟ್ರ್ಯಾಕ್ ಇರುವ ಆಟ ಅದು. ಪ್ರತಿ ಸಲ ಮೂರು ಟ್ರ್ಯಾಕ್ ತೋರಿಸುತ್ತೆ, ಎಲ್ಲರೂ ಒಂದೊಂದು ಒತ್ತಬೇಕು. ಆದರೆ ಹೆಚ್ಚು ವೋಟ್ ಬಿದ್ದಿದ್ದೇ ಗೆಲ್ಲಬೇಕೆಂದಿಲ್ಲ. ಒತ್ತಿದ್ದರಲ್ಲಿ ಒಂದು ಚೀಟಿ ಎತ್ತಿದ ಹಾಗೆ ಬರುತ್ತೆ. ಒಬ್ಬನೇ ಕೇಳಿದ ಟ್ರ್ಯಾಕ್‌ಗೂ ಅವಕಾಶ ಉಂಟು.

ಅದೇ ಕಂಪನಿ 2025ರ ಜೂನ್‌ನಲ್ಲಿ ಮಾರಿಯೋ ಕಾರ್ಟ್ ವರ್ಲ್ಡ್ ಬಿಟ್ಟಾಗ ಎಡವಿತು. 24 ಜನ ಒಟ್ಟಿಗೆ ಓಡುವ ಆಟ. ಆನ್‌ಲೈನ್‌ನಲ್ಲಿ ಒಂದು ಟ್ರ್ಯಾಕ್‌ನಿಂದ ಇನ್ನೊಂದಕ್ಕೆ ಹೋಗುವ ಉದ್ದ ರಸ್ತೆಯಲ್ಲೇ ಹೆಚ್ಚು ಓಡಬೇಕಿತ್ತು. ಜನರಿಗೆ ಬೇಕಾಗಿದ್ದು ಹಳೇ ಥರ ಮೂರು ಸುತ್ತಿನ ಪಂದ್ಯ. ಅದಕ್ಕೆ ಎಲ್ಲರೂ 'ಯಾವುದಾದರೂ ಸರಿ' ಅನ್ನುವ ಬಟನ್ ಒತ್ತೋಕೆ ಶುರು ಮಾಡಿದರು, ಅದರಲ್ಲಿ ಮೂರು ಸುತ್ತಿನದ್ದು ಸಿಗುತ್ತಿತ್ತು. ಅದೇ ತಿಂಗಳ ಕೊನೆಗೆ ಬಂದ ಅಪ್‌ಡೇಟ್ ಆ ದಾರಿಯನ್ನೂ ಇಕ್ಕಟ್ಟು ಮಾಡಿತು. ಆಡುವವರು ರೇಗಿದರು. ಬದಲಾವಣೆ ಬೇಕು ಅಂತ ಜನಕ್ಕೆ ಇಷ್ಟವಿಲ್ಲದ್ದನ್ನೇ ಬಡಿಸಿದರೆ ಅದೂ ನಿಲ್ಲಲ್ಲ.

ಸಿಗ್ನಲ್ ಮಾತು

ಮಲೆನಾಡಿನಲ್ಲಿ ಆನ್‌ಲೈನ್ ಆಟ ಅಂದರೆ ಅರ್ಧ ಆಟ ಸಿಗ್ನಲ್ ಜೊತೆ. ಆಸ್ಫಾಲ್ಟ್‌ನಂಥದ್ದರಲ್ಲಿ ಎಲ್ಲರೂ ಆ ಕ್ಷಣಕ್ಕೇ ಒಟ್ಟಿಗೆ ಓಡಬೇಕು, ನೆಟ್ ಎಳೆದಾಡಿದರೆ ಕಥೆ ಮುಗೀತು. ಅಲ್ಲದೆ ಹೆಚ್ಚು ದಿನ ಆಡಿದವನ, ದುಡ್ಡು ಹಾಕಿದವನ ಕಾರು ಜೋರಾಗಿರುತ್ತೆ.

ಹಿಲ್ ಕ್ಲೈಂಬ್ ರೇಸಿಂಗ್ 2 ನಮ್ಮ ಕಡೆ ಸಣ್ಣ ಫೋನಿನಲ್ಲೂ ಓಡೋದಕ್ಕೆ ಕಾರಣ ಬೇರೆ. ಫಿನ್ಲೆಂಡಿನ ಫಿಂಗರ್‌ಸಾಫ್ಟ್ ಕಂಪನಿಯದ್ದು, 2016ರಲ್ಲಿ ಬಂತು. ಅದರ ಕಪ್ ರೇಸಿನಲ್ಲಿ ಎದುರಾಳಿಗಳು ನಿಜವಾದ ಜನರೇ, ಆದರೆ ಅವರು ಮೊದಲೇ ಓಡಿಸಿದ್ದರ ರೆಕಾರ್ಡ್ ನಿಮ್ಮ ಪಕ್ಕದಲ್ಲಿ ಓಡುತ್ತೆ. ಹಾಗಾಗಿ ನೆಟ್ ಕುಂಟಿದರೂ ರೇಸ್ ಕೆಡಲ್ಲ. ಪ್ರತಿ ವಾರ ಬೇರೆ ಬೇರೆ ನಿಯಮದ ಸ್ಪರ್ಧೆಯನ್ನೂ ಇಡುತ್ತಾರೆ. ಊರು ಊರಿನವರು ಸೇರಿ ಲೀಗ್ ಮಾಡೋದಾದರೆ ಇದೇ ಕ್ರಮ ಒಳ್ಳೇದು. ಒಂದೇ ಹೊತ್ತಿಗೆ ಕೂರಿಸೋದು ಬೇಡ. ಸೋಮವಾರದಿಂದ ಶನಿವಾರದ ಒಳಗೆ ಕರೆಂಟು, ನೆಟ್ಟು ಎರಡೂ ಇದ್ದಾಗ ಆಡಿ, ಸ್ಕ್ರೀನ್ ರೆಕಾರ್ಡ್ ಕಳಿಸಲಿ.

ಡ್ರೈವರ್ ಅಣ್ಣ ಹೇಳಿದ್ದು

ಹೋದ ವರ್ಷದ ಎರಡನೇ ಸಂಜೆ ಖಾಸಗಿ ಬಸ್ಸಿನ ಡ್ರೈವರ್ ಒಬ್ಬರು ಟ್ರಿಪ್ ಮುಗಿಸಿ ಬಂದು ಅರ್ಧ ಗಂಟೆ ನಿಂತು ನೋಡಿದರು. ಹೋಗುವಾಗ ಹೇಳಿದರು: "ಸ್ಪೀಡ್ ಹೊಡೆಯೋಕೆ ಎಂತ ಮಾರಾಯ, ಯಾರಿಗೂ ಬರುತ್ತೆ. ಗುದ್ದದೇ ಹೋಗೋದು ಇಡು ನೋಡುವ, ಎಷ್ಟು ಜನ ಉಳೀತಾರೆ." ಅವತ್ತೇ ಒಬ್ಬ ಕಾಲೇಜು ಹುಡುಗಿ ಬಂದು "ಬಸ್ ಗೇಮ್ ಇಲ್ವಾ ಅಣ್ಣ?" ಅಂತ ಕೇಳಿದ್ದಳು. ಇಲ್ಲ ಅಂದಿದ್ದೆ. ತಿರುಗಿ ಹೋದಳು.

ಬಸ್ ಗೇಮ್ ಅಂದರೆ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ. ಇಂಡೋನೇಷ್ಯಾದ ಆಟಕ್ಕೆ ನಮ್ಮ ಹುಡುಗರು ಕೆಎಸ್‌ಆರ್‌ಟಿಸಿ ಬಣ್ಣ, ಖಾಸಗಿ ಬಸ್ಸುಗಳ ಬಣ್ಣ ಎಲ್ಲಾ ಮಾಡಿ ಹಂಚಿಕೊಳ್ಳುತ್ತಾರೆ. ರೇಸ್ ಆಟವೇ ಅಲ್ಲ ಅದು. ಆದರೂ ನಿಗದಿ ಮಾಡಿದ ದಾರಿಯಲ್ಲಿ, ಇಂತಿಷ್ಟು ನಿಮಿಷದ ಒಳಗೆ, ಎಲ್ಲೂ ಗುದ್ದದೆ ಬಸ್ ತಲುಪಿಸಬೇಕು ಅಂತ ಇಟ್ಟರೆ ಭರ್ಜರಿ ಪಂದ್ಯ ಆಗುತ್ತೆ. ನಿಧಾನ ಸೈಕಲ್‌ನ ತಮ್ಮ ಅದು. ಆಗುಂಬೆ ಘಾಟಿಯ 14 ತಿರುವಿನಲ್ಲಿ ಬಸ್ಸಿಗೆ ದಾರಿ ಬಿಟ್ಟು ಗೊತ್ತಿರುವವರಿಗೆ ಇದರ ಕಷ್ಟ ಹೇಳಬೇಕಾಗಿಲ್ಲ.

ಇನ್ನೊಂದು ದಿನಕ್ಕೆ ಹಿಲ್ ಕ್ಲೈಂಬ್. ಅಪ್‌ಗ್ರೇಡ್ ಮಾಡದ ಮೊದಲ ಜೀಪಿನಲ್ಲಿ ನ್ಯೂಟನ್ ಬಿಲ್ ಎಷ್ಟು ಮೀಟರ್ ಹೋಗುತ್ತಾನೆ ಅನ್ನೋದು ಲೆಕ್ಕ. ಟೈಮ್ ಬೇಡವೇ ಬೇಡ.

ಮೂರೂ ದಿನದ ಲೆಕ್ಕ ಕೂಡಿಸೋದು ಹೇಗೆ? ಡಿಗ್ರಿ ಎರಡನೇ ವರ್ಷಕ್ಕೇ ಬಿಟ್ಟವನು ನಾನು, ಆದರೂ ಈ ಲೆಕ್ಕ ಬರುತ್ತೆ. ಟೈಮ್ ಕೂಡಿಸಬೇಡಿ, ಅಂಕ ಕೊಡಿ. ಮೊದಲಿಗನಿಗೆ 10, ಎರಡನೆಯವನಿಗೆ 8, ಆಮೇಲೆ 6, 5, 4, 3, 2. ಉಳಿದಂತೆ ಪೂರ್ತಿ ಆಡಿದ ಎಲ್ಲರಿಗೂ 1. ನಾನು ಟೈಮ್ ಕೂಡಿಸಿದ್ದರಿಂದ ಮೊದಲ ದಿನ ಒಂದು ಸಲ ಗುದ್ದಿ 40 ಸೆಕೆಂಡ್ ಕಳೆದುಕೊಂಡವನಿಗೆ ಮತ್ತೆ ಬರೋಕೆ ಕಾರಣವೇ ಇರಲಿಲ್ಲ. ಅಂಕದಲ್ಲಾದರೆ ಅವನು ಹೆಚ್ಚೆಂದರೆ 9 ಅಂಕ ಹಿಂದೆ. ಇನ್ನೂ ಎರಡು ದಿನ ಇದೆ, 20 ಅಂಕ ಬಾಕಿ ಇದೆ. ಬರುತ್ತಾನೆ, ಬರುವಾಗ ಇಬ್ಬರು ಗೆಳೆಯರನ್ನೂ ಕರಕೊಂಡು ಬರುತ್ತಾನೆ.

ಆಡಿಸುವ ಸರದಿಯನ್ನೂ ತಿರುವಿ ಹಾಕಿ. ಹಿಂದಿರುವವರಿಗೆ ಮೊದಲು, ಮುಂದಿರುವವರಿಗೆ ಕೊನೆಗೆ. ಆಗ ಫಲಿತಾಂಶ 8 ಗಂಟೆಗೇ ಗೊತ್ತಾಗೋದು, ಜನ ಅಲ್ಲಿವರೆಗೂ ಅಂಗಡಿ ಮುಂದೆ ಇರುತ್ತಾರೆ.

50 ರೂಪಾಯಿ ತಗೊಳ್ಳಬಹುದಾ?

ಇದು ಅಂಗಡಿಯವರು ಸರಿಯಾಗಿ ಓದಬೇಕಾದ ಭಾಗ. ಈ ಸಲ 50 ರೂಪಾಯಿ ಪ್ರವೇಶ ಇಟ್ಟು, ಸೇರಿದ ದುಡ್ಡಲ್ಲಿ ಬಹುಮಾನ ಕೊಡುವ ಅಂತ ನಮ್ಮ ಅಣ್ಣನೂ ಕೇಳಿದರು. ಬೇಡ ಅಂದೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಪಾಸ್ ಮಾಡಿದೆ. ಆಡುವವರು ದುಡ್ಡು ಕಟ್ಟಿ, ಗೆದ್ದರೆ ದುಡ್ಡು ಅಥವಾ ಬೇರೆ ಲಾಭ ಸಿಗುತ್ತೆ ಅನ್ನುವ ಆನ್‌ಲೈನ್ ಆಟ 'ಮನಿ ಗೇಮ್' ಅನಿಸಿಕೊಳ್ಳುತ್ತೆ. ಅದೃಷ್ಟದ ಆಟ ಅಲ್ಲ, ಕೌಶಲದ್ದು ಅಂತ ವಾದಿಸಿ ತಪ್ಪಿಸಿಕೊಳ್ಳುವ ಹಾಗಿಲ್ಲ. ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ಜಾಹೀರಾತು ಮಾಡಿದರೆ 2 ವರ್ಷ, 50 ಲಕ್ಷದವರೆಗೆ. ಇ-ಸ್ಪೋರ್ಟ್ಸ್‌ಗೆ ಪ್ರವೇಶ ಶುಲ್ಕ, ಬಹುಮಾನದ ಹಣ ಎರಡಕ್ಕೂ ಅವಕಾಶ ಇದೆ. ಆದರೆ ಅದು ಮಾನ್ಯತೆ, ನೋಂದಣಿ ಇರುವ ಇ-ಸ್ಪೋರ್ಟ್ಸ್‌ಗೆ. ಅಂಗಡಿ ಮುಂದಿನ ಶಾಮಿಯಾನಕ್ಕೆ ಆ ಹೆಸರು ತಾನಾಗೇ ಬರಲ್ಲ.

ಹಾಗಾಗಿ ಪ್ರವೇಶ ಉಚಿತ ಇರಲಿ, ಬಹುಮಾನ ಅಂಗಡಿಯ ಜೇಬಿಂದ ಹೋಗಲಿ. ಪ್ರಚಾರದ ಖರ್ಚು ಅಂದುಕೊಳ್ಳಿ. ನಿಂತು ನೋಡೋರು ತಮ್ಮ ತಮ್ಮಲ್ಲೇ ಬಾಜಿ ಕಟ್ಟೋಕೆ ಶುರು ಮಾಡಿದರೆ ಅಲ್ಲೇ ನಿಲ್ಲಿಸಿ. ಅದಕ್ಕೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಮೊದಲಿಂದಲೂ ಇದೆ.

ಈ ವರ್ಷದ ಚೀಟಿ ಹೀಗೆ ಬರೆದಿದ್ದೇವೆ: ಮೊದಲ ದಿನ ಗೊತ್ತಿರುವ ಟ್ರ್ಯಾಕಿನಲ್ಲಿ ಕಾರ್ ರೇಸ್, ಎರಡನೇ ದಿನ ಹಿಲ್ ಕ್ಲೈಂಬ್ ದೂರ, ಮೂರನೇ ದಿನ ಬಸ್. 14 ವರ್ಷದ ಒಳಗಿನವರಿಗೆ ಬೇರೆ ಪಟ್ಟಿ. ಬಸ್ ಪಂದ್ಯದಲ್ಲಿ ಗುದ್ದಿದ್ದು ಗುದ್ದಲಿಲ್ಲ ಅನ್ನೋ ಗಲಾಟೆ ಬಂದೇ ಬರುತ್ತೆ, ಅದಕ್ಕೆ ತೀರ್ಪುಗಾರರಾಗಿ ಆ ಡ್ರೈವರ್ ಅಣ್ಣನನ್ನೇ ಕೇಳಿದ್ದೇನೆ. ಸಂಜೆ 6.40ರ ಟ್ರಿಪ್ ಇಲ್ಲದ ದಿನ ಆದರೆ ಬರ್ತೇನೆ ಅಂದಿದ್ದಾರೆ.